ಮಿಲ್ಟ್ರಿ ಕೌಂಟರಿನ ವೇದಮ್ಮ

ವೇದವತಿಯವರ ಹೆಸರು ಅನಸೂಯಮ್ಮನ ಕಿವಿಗೆ ಮೊದಲು ಬಿದ್ದದ್ದು ಹಾಸನದ ಮಿಲ್ಟ್ರಿ ಕ್ಯಾಂಟೀನಿನ ಸಾಲಿನಲ್ಲಿ. ಎರಡು ಸಾವಿರದ ನಾಲ್ಕನೇ ಇಸವಿ, ಆಷಾಢ. ಕುಕ್ಕರ್ ಬಂದಿದೆ ಎಂಬ ಸುದ್ದಿಗೆ ನಾಲ್ಕು ತಾಲ್ಲೂಕಿನ ಮಾಜಿ ಸೈನಿಕರೂ ಅವರ ಹೆಂಡಂದಿರೂ ಬಂದು ಗೇಟಿನಾಚೆ ರಸ್ತೆಯವರೆಗೆ ನಿಂತಿದ್ದರು. ಅನಸೂಯಮ್ಮನಿಗೆ ಕುಕ್ಕರು ಬೇಕಿರಲಿಲ್ಲ. ಅರಕಲಗೂಡಿನ ಕಡೆಯ ಅವಳ ಹಳ್ಳಿಯಲ್ಲಿ ಶ್ರಾವಣಕ್ಕೆ ಮೂರು ಮದುವೆಗಳಿದ್ದವು, ಮೂರು ಮನೆಯವರೂ ನಿಮ್ಮ ಕಾರ್ಡಿನಲ್ಲಿ ಒಂದು ತಂದುಕೊಡಿ ಎಂದು ದುಂಬಾಲು ಬಿದ್ದಿದ್ದರು. ಗಂಡ ಹವಾಲ್ದಾರ್ ದೇವರಾಜು ಬದುಕಿದ್ದಾಗಲೂ ಹೀಗೆಯೇ. ಎಂಬತ್ತೊಂಬತ್ತರಲ್ಲಿ ಪೆನ್ಷನ್ ಆಗಿ ಊರಿಗೆ ಬಂದ ದಿನದಿಂದ ಅವನ ಕ್ಯಾಂಟೀನ್ ಕಾರ್ಡು ಸೇದೋ ಬಾವಿಯ ಹಗ್ಗದ ಹಾಗೆ ಎಲ್ಲರ ಕೈಗೂ ಹೋಗಿ ಬರುತ್ತಿತ್ತು. ಯಾರದೋ ಬೀಗರೂಟಕ್ಕೆ ರಮ್ಮು, ಯಾರದೋ ಮಗಳಿಗೆ ಸೂಟ್‌ಕೇಸು, ಮೇಷ್ಟರ ಮನೆಗೆ ಗೋಡೆ ಗಡಿಯಾರ. ಕೊಡುವುದಿಲ್ಲ ಎಂದವರು ಊರಲ್ಲಿ ಬಾಳುವುದು ಕಷ್ಟ. ದೇವರಾಜು ತೀರಿಕೊಂಡು ಮೂರು ವರ್ಷವಾಗಿದ್ದರೂ ಕಾರ್ಡಿಗೆ ಮಾತ್ರ ಬಿಡುವಿರಲಿಲ್ಲ.

ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದವಳು ಚನ್ನರಾಯಪಟ್ಟಣದ ಕಡೆಯ ಕಾಮಾಕ್ಷಮ್ಮ, ಅವಳೂ ಸಿಪಾಯಿಯ ವಿಧವೆ. ಆ ದಿನ ಸಾಲಿನ ತುಂಬ ಹೊಸ ಆಸ್ಪತ್ರೆ ಕಾರ್ಡಿನದೇ ಮಾತು. ಅಲ್ಲಿಯವರೆಗೆ ಪೆನ್ಷನ್ನಿನ ಜೊತೆ ಔಷಧಿಗೆಂದು ತಿಂಗಳಿಗೆ ನೂರು ರೂಪಾಯಿ ಬರುತ್ತಿತ್ತು. ದೊಡ್ಡ ಕಾಯಿಲೆ ಬಂದರೆ ಬೆಂಗಳೂರಿನ ಮಿಲ್ಟ್ರಿ ಆಸ್ಪತ್ರೆ, ಅಲ್ಲಿಗೆ ಹೋಗುವಷ್ಟರಲ್ಲಿ ಕಾಯಿಲೆಯೋ ಮನುಷ್ಯನೋ ಒಂದು ಮುಗಿದಿರುತ್ತಿತ್ತು. ಈಗ ಆ ನೂರು ರೂಪಾಯಿ ಬಿಟ್ಟುಕೊಟ್ಟರೆ ಒಂದು ಕಾರ್ಡು ಕೊಡುತ್ತಾರಂತೆ. ಮೊದಲು ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿಗೆ ಹೋಗಬೇಕು, ಅಲ್ಲಿನ ಡಾಕ್ಟರು ಚೀಟಿ ಬರೆದರೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ನೂ ಪುಕ್ಕಟೆಯಂತೆ. ನೂರು ರೂಪಾಯಿಯೂ ಹೋಗಿ ಆಸ್ಪತ್ರೆಯೂ ಸಿಗದಿದ್ದರೆ ಏನು ಗತಿ ಎಂದು ಅನಸೂಯಮ್ಮ ಕೇಳಿದಳು.

"ನೂರ್ ರೂಪಾಯ್ ಮಾತ್ರೆ ನುಂಗಿ ವಾಸಿಯಾಗೋ ಕಾಯ್ಲೇನೇ ಬತ್ತದೆ ಅಂತ ಗ್ಯಾರಂಟಿ ಇದ್ರೆ ಮಡಿಕ್ಕೊ ಅಕ್ಕ," ಅಂದಳು ಕಾಮಾಕ್ಷಮ್ಮ. "ನಾನಂತೂ ಬರ್ಕೊಟ್ಬುಟ್ಟೆ. ಇಲ್ಲೇ ಗಿರಿಧರ ಡಾಕ್ಟ್ರ ನರ್ಸಿಂಗ್ ಹೋಮು ಪಟ್ಟೀಲಿ ಅದೆ. ಅಲ್ಲಿ ವೇದಮ್ಮ ಅಂತ ಒಬ್ರು ಅವ್ರೆ, ಅಯ್ಯಂಗಾರ್ರು. ಬೈತಾರೆ. ಆದ್ರೆ ನಿನ್ ಕಾಗ್ದಾನ ನಿನ್ಗಿಂತ ಚೆಂದಾಗಿ ನೋಡ್ಕತಾರೆ."

ಅನಸೂಯಮ್ಮ ಓದಿದ್ದು ಮೂರನೇ ಕ್ಲಾಸಿನವರೆಗೆ. ಕಾಗದ ನೋಡಿಕೊಳ್ಳುವವರು ಬೈದರೂ ಪರವಾಗಿಲ್ಲ ಎಂದುಕೊಂಡು ಕುಕ್ಕರನ್ನು ಕಂಕುಳಲ್ಲಿ ಇಟ್ಟುಕೊಂಡೇ ನರ್ಸಿಂಗ್ ಹೋಮಿಗೆ ಹೋದಳು.

ಅದು ಹದಿನೆಂಟು ಹಾಸಿಗೆಯ ಸಣ್ಣ ಆಸ್ಪತ್ರೆ. ಬಾಗಿಲಲ್ಲಿ ಮೂರು ಕೌಂಟರು. ಒಂದು ಫೀಜಿಗೆ, ಒಂದು ಔಷಧಿಗೆ, ಮೂರನೆಯದಕ್ಕೆ ರಟ್ಟಿನ ಮೇಲೆ ಕೈಬರಹದಲ್ಲಿ 'ಮಿಲ್ಟ್ರಿ' ಎಂದು ಬರೆದು ತೂಗುಹಾಕಿತ್ತು. ಅದರ ಹಿಂದೆ ಕೂತಿದ್ದವರು ವೇದವತಿ. ನಲವತ್ತೆರಡು ನಲವತ್ಮೂರರ ಒಣಕಲು ಮೈ, ಹಣೆಯ ಮೇಲೆ ಎಳೆಯಷ್ಟು ಸಣ್ಣ ಕೆಂಪು ನಾಮ, ದಾರ ಕಟ್ಟಿದ ಕನ್ನಡಕ. ಅನಸೂಯಮ್ಮ ಕ್ಯಾಂಟೀನಿನ ಕಾಗದಗಳ ಜೊತೆ ಚೀಲದಲ್ಲಿ ತಂದಿದ್ದ ಫೋಟೋವನ್ನು ಅವರು ಬೆಳಕಿಗೆ ಹಿಡಿದು ನೋಡಿದರು. ತಲೆ ತುಂಬ ಸೆರಗು, ಅರ್ಧ ಮುಚ್ಚಿದ ಕಣ್ಣು, ಅರಕಲಗೂಡಿನ ಸ್ಟುಡಿಯೋದವನು ಕೊಟ್ಟ ಕಪ್ಪು ನೆರಳು.

"ಇದರಲ್ಲಿ ನೀವು ಯಾರು ಬೇಕಾದ್ರೂ ಆಗಬಹುದು," ಅಂದರು. ಆಮೇಲೆ ಗದರಿಸುತ್ತಲೇ ಇಡೀ ಅರ್ಜಿಯನ್ನು ತಾವೇ ತುಂಬಿದರು. ದೇವರಾಜುವಿನ ಸೈನ್ಯದ ಡಿಸ್ಚಾರ್ಜ್ ಪುಸ್ತಕ ಹರಿದಿದ್ದ ಕಡೆ ಗೋಂದು ಹಚ್ಚಿದರು. ಫೋಟೋ ಮಾತ್ರ ಅದೇ ಇರಲಿ, ಇನ್ನೊಂದು ಸಲ ಬಸ್‌ಚಾರ್ಜು ಯಾಕೆ ಎಂದರು.

ಮುಂದಿನ ಕೆಲವು ತಿಂಗಳಲ್ಲಿ ಸಕ್ಕರೆ ಕಾಯಿಲೆಗೆಂದು ಹೋಗುತ್ತ ಬರುತ್ತ ಅನಸೂಯಮ್ಮ ಅವರ ವಿಚಾರ ತುಣುಕು ತುಣುಕಾಗಿ ತಿಳಿದುಕೊಂಡಳು. ಊರು ಹೊಳೆನರಸೀಪುರ, ದೇವಸ್ಥಾನದ ಬೀದಿ. ತಂದೆ ಸಂಸ್ಕೃತದ ಪಂಡಿತರು. ಇಪ್ಪತ್ತನೇ ವರ್ಷಕ್ಕೆ ಮದುವೆಯಾಗಿ ಹದಿನಾಲ್ಕು ತಿಂಗಳಿಗೆ ತವರಿಗೆ ಬಂದವರು ಮತ್ತೆ ಹೋಗಲಿಲ್ಲ. ಯಾಕೆ ಎಂದು ಬೀದಿಯವರು ಕೇಳಿ ಕೇಳಿ ಸೋತಿದ್ದರು. ಮನೆ ಈಗ ಅಣ್ಣ ಸಂಪತ್ಕುಮಾರನದು, ಅವನು ಹೈಸ್ಕೂಲು ಮೇಷ್ಟರು. ಹಿತ್ತಲ ಕಡೆಯ ಎರಡು ಕೋಣೆಯಲ್ಲಿ ತಾಯಿಯ ಜೊತೆ ವೇದವತಿಯವರ ಬಿಡಾರ. ತೊಂಬತ್ಮೂರರಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದವರು ದಿನವೂ ಬೆಳಗಿನ ರೈಲಿಗೆ ಹಾಸನಕ್ಕೆ ಬಂದು ಸಂಜೆ ಬಸ್ಸಿಗೆ ಹಿಂದಿರುಗುತ್ತಿದ್ದರು. ಮಧ್ಯಾಹ್ನ ಆಸ್ಪತ್ರೆಯ ಹೊದಿಕೆ ಇಡುವ ಕೋಣೆಯಲ್ಲಿ ನಿಂತುಕೊಂಡೇ ಮೊಸರನ್ನ ತಿನ್ನುತ್ತಿದ್ದರು. ಕೂತು ತಿಂದರೆ ಅಷ್ಟರಲ್ಲಿ ಯಾರಾದರೂ ಮುದುಕರು ಬಂದು ಕಾಯುತ್ತಾರಂತೆ.

ಬಂದವರೆಲ್ಲರ ಸ್ವಭಾವವೂ ಅವರಿಗೆ ಗೊತ್ತಿತ್ತು. ಸಾಲಗಾಮೆಯ ಕಡೆಯ ದ್ಯಾವಯ್ಯ ಎಂಬ ಹಳೆಯ ಸಿಪಾಯಿ ಬಂದರೆ ಕೌಂಟರಿನ ಮುಂದೆ ಹಿಮ್ಮಡಿ ಜೋಡಿಸಿ ಸಲ್ಯೂಟ್ ಹೊಡೆಯುತ್ತಿದ್ದ. ಡಾಕ್ಟರು ಹೇಗಿದ್ದೀರಿ ಎಂದು ಕೇಳಿದರೆ, ಇಪ್ಪತ್ತು ವರ್ಷ ಆಫೀಸರುಗಳಿಗೆ ಹೇಳಿ ರೂಢಿಯಾದ ಉತ್ತರ ತಾನಾಗಿಯೇ ಬರುತ್ತಿತ್ತು, "ಠೀಕ್ ಹೈ ಸಾಬ್." ಹೀಗೆ ಎರಡು ಸಲ ಎದೆನೋವು ಇಟ್ಟುಕೊಂಡೇ ಠೀಕ್ ಎಂದು ಹೇಳಿ ಮನೆಗೆ ಹೋಗಿದ್ದ. ವೇದವತಿ ಅವನ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ, 'ಇವರು ಠೀಕ್ ಅಂದರೆ ನಂಬಬೇಡಿ, ಹೆಂಡತಿಯನ್ನು ಕೇಳಿ' ಎಂದು ಬರೆದಿಟ್ಟರು. ಮೂರನೇ ಸಲಕ್ಕೆ ಡಾಕ್ಟರು ಹೆಂಡತಿಯನ್ನು ಕರೆಸಿದ್ದರಿಂದ ಅವನು ಉಳಿದ.

ಹೆಂಗಸರು ಆಸ್ಪತ್ರೆ ಕಾರ್ಡನ್ನು ಮನೆಯಲ್ಲಿ ಇಟ್ಟುಕೊಳ್ಳಲು ಹೆದರುತ್ತಿದ್ದರು. ಇಲಿ ಕಡಿದೀತು, ಮೊಮ್ಮಕ್ಕಳು ಹರಿದಾರು, ಕುಡಿಯುವ ಮಗ ಅಡ ಇಟ್ಟಾನು. ಊರಿಗೆ ಹೋಗುವಾಗ ಸರವನ್ನು ನಂಬಿಕೆಯ ಮನೆಯಲ್ಲಿ ಕೊಟ್ಟು ಹೋಗುವ ಹಾಗೆ ಕಾರ್ಡನ್ನು ವೇದವತಿಯವರ ಕೈಗೆ ಕೊಟ್ಟು, "ನಿಮ್ತಾವೇ ಇರ್ಲಿ ಕಣ್ರವ್ವ" ಎಂದು ಹೋಗಿಬಿಡುತ್ತಿದ್ದರು. ಅವರು ಬೈದುಕೊಂಡೇ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದರು. ನಲವತ್ತೋ ಐವತ್ತೋ ಕಾರ್ಡು ಆ ಡಬ್ಬಿಯಲ್ಲಿದ್ದವು. ಅನಸೂಯಮ್ಮನದೂ ಇತ್ತು.

ಎರಡು ಸಾವಿರದ ಐದರ ಮಾಘದಲ್ಲಿ ಜಯಲಕ್ಷ್ಮಮ್ಮ ಹಾಸಿಗೆ ಹಿಡಿದಳು. ಅನಸೂಯಮ್ಮನಿಗೆ ಅವಳು ಒಡಹುಟ್ಟಿದ ತಂಗಿ, ಓರಗಿತ್ತಿಯೂ ಹೌದು. ಅಕ್ಕನನ್ನು ದೇವರಾಜುವಿಗೆ, ತಂಗಿಯನ್ನು ಅವನ ತಮ್ಮ ಲಕ್ಕಯ್ಯನಿಗೆ, ಒಂದೇ ಮನೆಗೆ ಕೊಟ್ಟಿದ್ದರು. ಅನಸೂಯಮ್ಮನಿಗೆ ಮಕ್ಕಳಾಗಲಿಲ್ಲ, ತಂಗಿಯ ಮಗ ಮೋಹನ್‌ಕುಮಾರನನ್ನೇ ಇಬ್ಬರೂ ಸಾಕಿದ್ದರು. ಐದು ತಿಂಗಳಿಂದ ಜಯಲಕ್ಷ್ಮಮ್ಮನಿಗೆ ರಕ್ತ ಹೋಗುವುದು ನಿಂತಿರಲಿಲ್ಲ. ಗದ್ದೆಯಲ್ಲಿ ಕಣ್ಣು ಕತ್ತಲೆ ಬಂದು ಬಿದ್ದವಳನ್ನು ಲಕ್ಕಯ್ಯ ಎತ್ತಿಕೊಂಡು ಬಂದ. ತುಟಿ ಸುಣ್ಣದ ಹಾಗಿತ್ತು.

ಅನಸೂಯಮ್ಮನಿಗೆ ಹೊಳೆದದ್ದು ಆಸ್ಪತ್ರೆ ಕಾರ್ಡು. ಅದರಲ್ಲಿ ತಪ್ಪಿದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಕುಕ್ಕರಿಗೆ ಕೊಟ್ಟ ಹಾಗೆಯೇ ಇದೂ, ಅದೂ ಒಡಹುಟ್ಟಿದವಳಿಗೆ. ಹಾಸನಕ್ಕೆ ಬಂದು ವೇದವತಿಯವರಿಂದ ಕಾರ್ಡು ಇಸಿದುಕೊಂಡು, ತಂಗಿಯನ್ನು ಪಾಲಿಕ್ಲಿನಿಕ್ಕಿನ ಕುರ್ಚಿಯ ಮೇಲೆ ತನ್ನ ಹೆಸರಿನಲ್ಲಿ ಕೂರಿಸಿದಳು. ಅಲ್ಲಿನ ಡಾಕ್ಟರು ಹೊಸಬರು. ಆ ಕಪ್ಪು ಫೋಟೋದಲ್ಲಿ ಅಕ್ಕ ತಂಗಿ ಒಂದೇ. ಗರ್ಭಕೋಶದಲ್ಲಿ ಗೆಡ್ಡೆ, ತೆಗೆಯಬೇಕು ಎಂದು ಚೀಟಿ ಬರೆದುಕೊಟ್ಟರು.

ಆದರೆ ಮಿಲ್ಟ್ರಿ ಕೌಂಟರಿನಲ್ಲಿ ಕೂತಿದ್ದವರಿಗೆ ಅನಸೂಯಮ್ಮ ಯಾರೆಂದು ಗೊತ್ತಿತ್ತು. ಚೀಟಿ ಓದಿದ ವೇದವತಿ ಒಮ್ಮೆ ಅಕ್ಕನ ಮುಖ, ಒಮ್ಮೆ ತಂಗಿಯ ಮುಖ ನೋಡಿದರು.

"ಇದು ಕ್ಯಾಂಟೀನ್ ಕಾರ್ಡಲ್ಲ, ಅನಸೂಯಮ್ಮ."

"ಅಂಗಂದ್ರೆ ಎಂಗವ್ವ? ನನ್ ತಂಗಿ ಕಣವ್ವ. ನಾನೇನ್ ಬೀದೀಲಿ ಓಗೋರ್‌ಗೆ ಕೊಟ್ನಾ?"

ವೇದವತಿ ಚೀಟಿಯನ್ನು ಮತ್ತೊಮ್ಮೆ ಓದಿದರು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎನ್ನಬಹುದಿತ್ತು. ಅಷ್ಟರಲ್ಲಿ ಬೆಂಚಿನ ಮೇಲಿದ್ದ ಜಯಲಕ್ಷ್ಮಮ್ಮ ಪಕ್ಕಕ್ಕೆ ಜಾರಿದಳು, ಸೀರೆಯೂ ಬೆಂಚೂ ಕೆಂಪಾಗಿದ್ದವು. ನರ್ಸು ಓಡಿಬಂದು ಹೆಸರೇನು ಎಂದು ಕೇಳಿದಳು. ವೇದವತಿ ಪೆನ್ನಿನ ಮುಚ್ಚಳ ತೆಗೆದು, "ಅನಸೂಯಮ್ಮ, ದೇವರಾಜು ಅವರ ಹೆಂಡತಿ" ಎಂದು ಹೇಳುತ್ತ ಬರೆದರು. ಆಮೇಲೆ ನಿಜವಾದ ಅನಸೂಯಮ್ಮನ ರಟ್ಟೆ ಹಿಡಿದು ಮೂಲೆಗೆ ಕರೆದೊಯ್ದು, ಇನ್ನು ಎಂಟು ದಿನ ಅವಳೇ ಅನಸೂಯಮ್ಮ, ನೀವು ತಂಗಿ, ಬಾಯಿ ತಪ್ಪಬೇಡಿ ಎಂದರು.

ಆ ಎಂಟು ದಿನ ವಾರ್ಡಿನಲ್ಲಿ ನರ್ಸು "ಅನಸೂಯಮ್ಮ" ಎಂದು ಕೂಗಿದರೆ ಅಕ್ಕನೇ ಆಂ ಎನ್ನುತ್ತಿದ್ದಳು, ತಂಗಿ ಅವಳ ತೊಡೆ ಚಿವುಟುತ್ತಿದ್ದಳು. ಹೊಲಿಗೆಯ ನೋವಿನಲ್ಲಿ ನಗಬಾರದೆಂದು ಇಬ್ಬರೂ ಸೆರಗು ಕಚ್ಚಿಕೊಂಡು ನಗುತ್ತಿದ್ದರು. ಬಾಗಿಲಲ್ಲಿ ಹಾದು ಹೋಗುತ್ತಿದ್ದ ವೇದವತಿ ನಗುತ್ತಿರಲಿಲ್ಲ. ಜಯಲಕ್ಷ್ಮಮ್ಮ ಮನೆಗೆ ಹೋಗಿ ತಿಂಗಳೊಳಗೆ ಕೆನ್ನೆ ತುಂಬಿಕೊಂಡಳು. ಗಿರಿಧರ ಡಾಕ್ಟರು ಎಂದಿನಂತೆ ಕಾಗದ ಓದದೆ ರುಜು ಹಾಕಿದರು. ಬಿಸ್ಕತ್ತಿನ ಡಬ್ಬಿ ಮಾತ್ರ ಆಮೇಲೆ ಕೌಂಟರಿನಲ್ಲಿ ಕಾಣಲಿಲ್ಲ. ವೇದವತಿ ಎಲ್ಲರ ಕಾರ್ಡನ್ನೂ ಹಿಂದಕ್ಕೆ ಕೊಟ್ಟಿದ್ದರು. ಯಾಕವ್ವ ಎಂದವರಿಗೆ ನಿಮ್ಮ ಒಡವೆ ನೀವೇ ಕಾಯಿರಿ ಎಂದರು.

ಮೂರು ವರ್ಷ ಕಳೆಯಿತು. ಎರಡು ಸಾವಿರದ ಎಂಟರಲ್ಲಿ ಎಲ್ಲ ಬದಲಾಗತೊಡಗಿತು. ಕಾಗದದ ಕಾರ್ಡು ಹೋಗಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕಂಪ್ಯೂಟರ್ ಕಾರ್ಡು ಬರುತ್ತದೆ ಎಂದರು. ಹಳೆಯ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಹತ್ತಿಸತೊಡಗಿದರು. ಯಾರಿಗೆ ಯಾವ ಆಪರೇಷನ್ ಯಾವಾಗ ಆಯಿತು ಎನ್ನುವುದು ಹೆಸರು ಒತ್ತಿದರೆ ಕಾಣುತ್ತಿತ್ತು. ಆಸ್ಪತ್ರೆಗಳಿಗೆ ಕೊಡುವ ದರವೂ ಬದಲಾಯಿತು, ಬಿಲ್ಲು ತಡವಾಗುತ್ತದೆಂದು ಕೆಲವು ಆಸ್ಪತ್ರೆಗಳು ತಾವಾಗಿ ಪಟ್ಟಿಯಿಂದ ಬಿಟ್ಟುಹೋದವು. ಆ ಕಡೆಯ ತಾಲ್ಲೂಕುಗಳ ಮುದುಕಿಯರಿಗೆ ಹತ್ತಿರವಾಗಿ ಉಳಿದದ್ದು ಗಿರಿಧರ ಡಾಕ್ಟರ ನರ್ಸಿಂಗ್ ಹೋಮು. ಅದರ ಕರಾರೂ ಹೊಸದಾಗಿ ಬರೆಯಬೇಕಿತ್ತು, ಅದಕ್ಕೆ ಮುಂಚೆ ಹಳೆಯ ಫೈಲು ಪರೀಕ್ಷೆ ಮಾಡುತ್ತೇವೆ ಎಂದು ಅಧಿಕಾರಿಗಳು ಹೇಳಿ ಹೋಗಿದ್ದರು.

ಅದೇ ಬೇಸಿಗೆಯಲ್ಲಿ ಅನಸೂಯಮ್ಮನಿಗೆ, ಮುಟ್ಟು ನಿಂತು ಆರು ವರ್ಷವಾದ ಮೇಲೆ, ಒಂದು ದಿನ ಸೀರೆಯಲ್ಲಿ ರಕ್ತ ಕಂಡಿತು. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಆಮೇಲೆ ತಂಗಿಗೆ ಗೊತ್ತಾಗಿ ಅವಳೇ ಎಳೆದುಕೊಂಡು ಹಾಸನಕ್ಕೆ ಬಂದಳು. ಅಕ್ಕನ ಮಾತು ಕೇಳಿ ವೇದವತಿಯವರ ಮುಖ ಬಿಳಿಚಿಕೊಂಡದ್ದು ಯಾಕೆ ಎಂದು ಇಬ್ಬರಿಗೂ ಮೊದಲು ಅರ್ಥವಾಗಲಿಲ್ಲ. ಅವರು ಡಾಕ್ಟರಿಗೆ ಹೇಳಿ, ಮಿಲ್ಟ್ರಿ ಫೈಲಿಗೆ ಸೇರಿಸದೆ, ಸ್ಕ್ಯಾನು ಮಾಡಿಸಿದರು, ಗರ್ಭಕೋಶದ ತುಣುಕು ತೆಗೆಸಿ ಪರೀಕ್ಷೆಗೆ ಮೈಸೂರಿಗೆ ಕಳಿಸಿದರು. ಹತ್ತು ದಿನಕ್ಕೆ ಉತ್ತರ ಬಂತು. ಗರ್ಭಕೋಶದ ಕ್ಯಾನ್ಸರು. ಇನ್ನೂ ಆರಂಭದಲ್ಲಿದೆ, ಬೇಗ ತೆಗೆದು ಐದಾರು ವಾರ ರೇಡಿಯೇಷನ್ನಿನ ಕರೆಂಟು ಕೊಟ್ಟರೆ ಉಳಿಯುತ್ತಾರೆ ಎಂದರು ಡಾಕ್ಟರು. ಅದೆಲ್ಲ ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಆಗಬೇಕು. ಆ ಆಸ್ಪತ್ರೆ ಪಟ್ಟಿಯಲ್ಲಿತ್ತು, ಕಾರ್ಡಿದ್ದರೆ ಒಂದು ಕಾಸೂ ಬೇಕಿರಲಿಲ್ಲ.

ಡಾಕ್ಟರು ಹೋದ ಮೇಲೆ ವೇದವತಿ ಬಾಗಿಲು ಹಾಕಿ ಹೇಳಿದರು. "ಕಂಪ್ಯೂಟರಿನಲ್ಲಿ ನಿಮ್ಮ ಹೆಸರು ಒತ್ತಿದ್ರೆ, ನಿಮ್ಮ ಗರ್ಭಕೋಶ ಮೂರು ವರ್ಷದ ಹಿಂದೇನೇ ತೆಗೆದಾಗಿದೆ ಅಂತ ಬರುತ್ತೆ. ಇಲ್ಲದೇ ಇರೋದಕ್ಕೆ ಕ್ಯಾನ್ಸರ್ ಹೇಗೆ ಬರುತ್ತೆ ಅಂತ ಮೊದಲನೇ ಪ್ರಶ್ನೆ ಕೇಳ್ತಾರೆ."

ಅನಸೂಯಮ್ಮನಿಗೆ ವಿಚಿತ್ರವಾಗಿ ಮೊದಲು ನಗು ಬಂತು. ನಿಜ ಹೇಳಿದರೆ ಏನಾಗುತ್ತದೆ ಎಂದು ಕೇಳಿದಳು. ವೇದವತಿ ಮುಚ್ಚಿಡದೆ ಹೇಳಿದರು. ಕಾರ್ಡನ್ನು ಬೇರೆಯವರಿಗೆ ಕೊಟ್ಟದ್ದಕ್ಕೆ ಕಾರ್ಡು ರದ್ದಾಗುತ್ತದೆ. ಗೊತ್ತಿದ್ದೂ ಬರೆದದ್ದಕ್ಕೆ ತಮ್ಮ ಕೆಲಸ ಹೋಗುತ್ತದೆ. ಆಸ್ಪತ್ರೆಯವರೂ ರೋಗಿಯೂ ಸೇರಿ ಮಾಡಿದ ಮೋಸ ಎಂದಾದರೆ ನರ್ಸಿಂಗ್ ಹೋಮಿನ ಹೆಸರು ಪಟ್ಟಿಯಿಂದ ಕಿತ್ತುಹೋಗುತ್ತದೆ.

ಅನಸೂಯಮ್ಮ ಎದ್ದು ನಿಂತಳು. ಕಾರ್ಡು ಬೇಡ, ಏನೂ ಬೇಡ ಎಂದಳು. ತನ್ನ ಹೆಸರಿನಲ್ಲಿ ಒಬ್ಬಳು ಬದುಕಿಯಾಯಿತು, ಅಷ್ಟು ಸಾಕು, ತನ್ನೊಬ್ಬಳಿಗಾಗಿ ಅಷ್ಟು ಜನ ಮುದುಕಿಯರ ಆಸ್ಪತ್ರೆ ಮುಚ್ಚುವುದು ಬೇಡ. ಮನೆಯಲ್ಲಿ ಲಕ್ಕಯ್ಯ ಹೊಲ ಮಾರುತ್ತೇನೆ ಎಂದ, ಮೋಹನ್‌ಕುಮಾರ ಬೆಂಗಳೂರಿನ ಧರ್ಮಾಸ್ಪತ್ರೆಗೆ ಹೋಗೋಣ ಎಂದ. ಅಲ್ಲಿ ಸಾಲು ಎಷ್ಟು ತಿಂಗಳಿದೆ ಎಂದು ವಿಚಾರಿಸಿ ಬಂದವನು ತಲೆ ತಗ್ಗಿಸಿ ಕೂತ. ಅನಸೂಯಮ್ಮ ಮಾತ್ರ ಹಠ ಹಿಡಿದವಳಂತೆ ದನದ ಕೊಟ್ಟಿಗೆ ಗುಡಿಸುವುದು, ರಾಗಿ ಕೇರುವುದು ಬಿಡಲಿಲ್ಲ. ಹಗಲೆಲ್ಲ ಧೈರ್ಯ. ಸ್ನಾನಕ್ಕೆ ಹೋದಾಗ ಬಟ್ಟೆ ನೋಡಿ ಮೈ ತಣ್ಣಗಾಗುತ್ತಿತ್ತು. ಬದುಕಬೇಕು ಎಂಬ ಆಸೆ ಇಷ್ಟು ಗಟ್ಟಿಯಾಗಿ ತನ್ನೊಳಗೆ ಕೂತಿದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹದಿನೈದನೇ ದಿನ, ಒಂದು ಭಾನುವಾರ, ವೇದವತಿ ಕೇಳಿಕೊಂಡು ಕೇಳಿಕೊಂಡು ಅವಳ ಮನೆ ಬಾಗಿಲಿಗೆ ಬಂದರು. ಹಳ್ಳಿಗೆ ಅವರು ಬಂದದ್ದು ಅದೇ ಮೊದಲು. ಮೂರು ಕಿಲೋಮೀಟರು ನಡೆದು ಕಾಲೆಲ್ಲ ಧೂಳಾಗಿತ್ತು. ಅವರ ಮಡಿ ಗೊತ್ತಿದ್ದ ಜಯಲಕ್ಷ್ಮಮ್ಮ ಏನು ಕೊಡಲಿ ಎಂದು ತಡಬಡಿಸಿದಳು. ಅವರೇ ಮಜ್ಜಿಗೆ ಇದ್ದರೆ ಕೊಡಿ ಎಂದು ಕೇಳಿ ಕುಡಿದು, ಬ್ಯಾಗಿನಿಂದ ಮಡಿಚಿದ ಕಾಗದ ತೆಗೆದರು.

"ಇದಕ್ಕೆ ಒಂದು ರುಜು ಹಾಕಿ, ಅನಸೂಯಮ್ಮ. ಓದೋದು ಬೇಡ."

ಓದೋದು ಬೇಡ ಎಂದದ್ದಕ್ಕೇ ಅವಳು ಓದಿದಳು. ಮೂರನೇ ಕ್ಲಾಸಿನ ಓದು, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಬೆರಳಿಟ್ಟು, ಗಟ್ಟಿಯಾಗಿ. ಓದು ಬಾರದ ನಾನು ನನ್ನ ಕಾರ್ಡನ್ನು ಭದ್ರವಾಗಿರಲಿ ಎಂದು ವೇದವತಿಯವರ ಬಳಿ ಇಟ್ಟಿದ್ದೆ. ನನಗೆ ತಿಳಿಸದೆ ಅವರು ಅದರ ಮೇಲೆ ಬೇರೊಬ್ಬರಿಗೆ ಚಿಕಿತ್ಸೆ ಕೊಡಿಸಿದ್ದಾರೆ. ಅದಕ್ಕಾಗಿ ಆ ರೋಗಿಯಿಂದ, ಇದು ಅಗ್ಗದ ಯೋಜನೆ ಎಂದು ನಂಬಿಸಿ, ಎರಡು ಸಾವಿರ ರೂಪಾಯಿ ಪಡೆದಿದ್ದಾರೆ. ಡಾಕ್ಟರಿಗೂ ನನಗೂ ಇದು ಗೊತ್ತಿರಲಿಲ್ಲ. ಅದರ ಕೆಳಗೆ ಇನ್ನೊಂದು ಕಾಗದ, ಇದೆಲ್ಲ ನಿಜ ಎಂದು ವೇದವತಿಯವರದೇ ಬರಹ, ಅವರದೇ ರುಜು.

ಎರಡು ಸಾವಿರ ಎಂಬ ಕಡೆ ಅನಸೂಯಮ್ಮನ ಬೆರಳು ನಿಂತಿತು. ಈ ಹೆಂಗಸು ಯಾರಿಂದಲೂ ಒಂದು ಲೋಟ ಕಾಫಿಯನ್ನೂ ಇಸಿದುಕೊಂಡದ್ದನ್ನು ಅವಳು ನೋಡಿರಲಿಲ್ಲ.

"ಸುಳ್ಳು ಕಣವ್ವ ಇದು. ನಮ್ತಾವ ನೀವು ಒಂದ್ ಬಾಳೆಹಣ್ಣೂ ಇಸ್ಕೊಂಡಿಲ್ವಲ್ಲ."

"ದುಡ್ಡಿಗೆ ಮಾಡಿದೆ ಅಂದ್ರೆ ತಕ್ಷಣ ನಂಬ್ತಾರೆ. ಕರುಣೆಗೆ ಮಾಡಿದೆ ಅಂದ್ರೆ ನೂರು ಪ್ರಶ್ನೆ ಕೇಳ್ತಾರೆ."

ಜಯಲಕ್ಷ್ಮಮ್ಮ ಅಳುತ್ತ ಮಧ್ಯೆ ಬಂದಳು. "ನಾನೇ ಓಗಿ ಯೋಳ್ತೀನಿ. ಆಪ್ರೇಸನ್ ಆಗಿದ್ದು ನನ್ಗೆ, ತಪ್ಪು ನಂದು. ನೀವ್ಯಾಕವ್ವ ಸಾಯ್ತೀರಿ?"

ವೇದವತಿ ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ ಬಿಡಿಸಿ ಹೇಳಿದರು. ತಂಗಿ ಒಪ್ಪಿಕೊಂಡರೆ ಅಕ್ಕ ತಂಗಿ ಸೇರಿ ಮಾಡಿದ ಮೋಸವಾಗುತ್ತದೆ, ಅಕ್ಕನ ಕಾರ್ಡು ಹೋಗುತ್ತದೆ. ಡಾಕ್ಟರು ಒಪ್ಪಿಕೊಂಡರೆ ಆಸ್ಪತ್ರೆ ಹೋಗುತ್ತದೆ. ಮನೆಯವಳೂ ಅಲ್ಲದ, ಡಾಕ್ಟರೂ ಅಲ್ಲದ ಒಬ್ಬರು ಮಾಡಿದ್ದಾದರೆ ಮಾತ್ರ ಎರಡೂ ಉಳಿಯುತ್ತವೆ. ಪರೀಕ್ಷೆಗೆ ಬರುವವರು ಇನ್ನು ಎರಡು ವಾರದಲ್ಲಿ ಹೇಗಿದ್ದರೂ ಆ ಫೈಲನ್ನು ನೋಡುತ್ತಾರೆ, ಅವರು ಹಿಡಿಯುವ ಮೊದಲು ತಾವೇ ಕೊಟ್ಟುಬಿಡಬೇಕು. ಪೊಲೀಸಿನವರ ತನಕ ಹೋಗದ ಹಾಗೆ ಆ ಆಪರೇಷನ್ನಿನ ದುಡ್ಡನ್ನು ತಿರುಗಿ ಕಟ್ಟುತ್ತೇನೆಂದು ಡಾಕ್ಟರು ಒಪ್ಪಿದ್ದಾರೆ.

ಅನಸೂಯಮ್ಮ ಪೆನ್ನು ಮುಟ್ಟಲಿಲ್ಲ. ಹಸು ಅಂಬಾ ಎಂದಾಗ ಎದ್ದು ಹೋಗಿ ಹುಲ್ಲು ಹಾಕಿ ಬಂದಳು. ಮತ್ತೆ ಬಂದು ಕೂತಳು. ವೇದವತಿಯವರ ಕೊನೆಯ ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಅವರು ಎದುರಿಗೆ ಕೂತೇ ಇದ್ದರು, ಬೈಯಲೂ ಇಲ್ಲ. ಕೊನೆಗೆ ಅವಳ ಕೈ ಅವಳನ್ನು ಕೇಳದೆಯೇ ಪೆನ್ನು ಹಿಡಿಯಿತು. ಅನಸೂಯಮ್ಮ ಎಂದು ಐದು ಅಕ್ಷರ ಬರೆಯುವಷ್ಟರಲ್ಲಿ ಬೆವರು ಕಾಗದದ ಮೇಲೆ ತೊಟ್ಟಿಕ್ಕಿತು. ಆ ರುಜು ಹಾಕಿದ್ದು ತನ್ನ ಜೀವದ ಆಸೆಗೆ, ಮಿಕ್ಕ ಮುದುಕಿಯರ ಸಲುವಾಗಿ ಎಂಬುದೆಲ್ಲ ಆಮೇಲೆ ಹಚ್ಚಿದ ಬಣ್ಣ ಎಂದು ಅವಳು ತನಗೆ ತಾನೇ ಅನೇಕ ಸಲ ಹೇಳಿಕೊಂಡಿದ್ದಾಳೆ.

ಎಲ್ಲ ವೇದವತಿ ಹೇಳಿದ ಹಾಗೆಯೇ ಆಯಿತು. ವಿಚಾರಣೆಗೆ ಬಂದ ಅಧಿಕಾರಿಗಳ ಮುಂದೆ ಅನಸೂಯಮ್ಮ, ನಂಗೇನೂ ಗೊತ್ತಿಲ್ಲ ಸಾ, ಎಂದು ಎರಡು ಸಲ ಅಂದಳು. ವೇದವತಿ ಪಕ್ಕದಲ್ಲೇ ನಿಂತು ಗೋಡೆ ನೋಡುತ್ತಿದ್ದರು. ಅವರನ್ನು ಆ ವಾರವೇ ಕೆಲಸದಿಂದ ತೆಗೆದರು. ನರ್ಸಿಂಗ್ ಹೋಮಿಗೆ ಎಚ್ಚರಿಕೆ ಕೊಟ್ಟು ಕರಾರು ಮುಂದುವರಿಸಿದರು. ಹಳೆಯ ಆಪರೇಷನ್ನನ್ನು ಅನಸೂಯಮ್ಮನ ಹೆಸರಿನಿಂದ ಅಳಿಸಿದರು. ವಿಚಾರಣೆಯ ಕಾಗದ ಮೇಲಿನ ಕಚೇರಿಯಲ್ಲಿ ಇನ್ನೂ ಮುಗಿಯದೆ ಇದ್ದದ್ದರಿಂದ ಕಾರ್ಡನ್ನು ಸದ್ಯಕ್ಕೆಂದು ಊರ್ಜಿತದಲ್ಲಿಟ್ಟರು. ಮೈಸೂರಿನಲ್ಲಿ ಆಪರೇಷನ್ ಆಯಿತು, ಐದು ವಾರ ಕರೆಂಟು ಕೊಟ್ಟರು. ಉದುರಿದ ಎಲೆಯ ಹಾಗೆ ಹೋದವಳು ಸಂಕ್ರಾಂತಿಯ ಹೊತ್ತಿಗೆ ಮನೆಗೆ ಬಂದು ಅಂಗಳದಲ್ಲಿ ಕೂತು ಎಳ್ಳು ಆರಿಸಿದಳು. ಇನ್ನು ಐದು ವರ್ಷ, ಮೂರು ತಿಂಗಳಿಗೊಮ್ಮೆ, ಪಾಲಿಕ್ಲಿನಿಕ್ಕಿನಿಂದ ಚೀಟಿ ತೆಗೆದುಕೊಂಡು ಮೈಸೂರಿಗೆ ಹೋಗಬೇಕೆಂದು ಹೇಳಿದ್ದರು.

ಆ ಪಾಲಿಕ್ಲಿನಿಕ್ಕಿನ ಬೆಂಚು ಅವಳಿಗೆ ಮುಳ್ಳಾಯಿತು. ಅಲ್ಲಿ ಕೂತವರಿಗೆಲ್ಲ ಬಾಯಿಗೆ ಬೇರೆ ಮಾತೇ ಇಲ್ಲ. ವಿಧವೆಯರ ಕಾರ್ಡಿನ ಮೇಲೆ ದುಡ್ಡು ತಿಂದವಳು, ಹಣೆ ಮೇಲೆ ನಾಮ ಬೇರೆ ಕೇಡು, ಡಬ್ಬಿಯಲ್ಲಿದ್ದ ಕಾರ್ಡಿನಲ್ಲೆಲ್ಲ ಎಷ್ಟು ಹೊಡೆದಳೋ. ದ್ಯಾವಯ್ಯನೊಬ್ಬ ಎದ್ದು ಹೊರಗೆ ಹೋಗುತ್ತಿದ್ದ. ಅನಸೂಯಮ್ಮ ಸೆರಗಿನ ಚುಂಗು ಸುತ್ತುತ್ತ ಕೂತಿರುತ್ತಿದ್ದಳು. ಒಂದು ದಿನ ಕಾಮಾಕ್ಷಮ್ಮ ಅವಳ ಮುಖಕ್ಕೇ ಕೇಳಿಬಿಟ್ಟಳು. "ಮೋಸ ಓದವ್ಳು ನೀನು. ನಾವೆಲ್ಲ ಬಾಯ್ ಬಡ್ಕೋತೀವಿ, ನೀನು ಮಾತ್ರ ಗೂಬೆ ಅಂಗೆ ಕೂತಿದ್ದೀಯಲ್ಲ. ಏನಾರ ಅದೆಯಾ ಒಳಗೆ?" ಚೀಟಿ ಬರೆಯುತ್ತಿದ್ದ ಗುಮಾಸ್ತ ತಲೆಯೆತ್ತಿ ನೋಡಿದ.

ಅವಳಿಗೆ ತಡೆಯಲಾಗಲಿಲ್ಲ. ಮಾರನೆಯ ದಿನ ಯಾರಿಗೂ ಹೇಳದೆ ಹೊಳೆನರಸೀಪುರಕ್ಕೆ ಹೋದಳು. ದೇವಸ್ಥಾನದ ಬೀದಿಯಲ್ಲಿ ಮನೆ ಕೇಳಿದರೆ, ಯಾವ ವೇದವತಿ ಎಂದು ಒಬ್ಬರು ನಕ್ಕರು. ಅಣ್ಣ ಸಂಪತ್ಕುಮಾರ ಬಾಗಿಲಲ್ಲಿ ನಿಂತಿದ್ದವನು ಹಿತ್ತಲ ಕಡೆಗೆ ಕೈ ತೋರಿಸಿ ಒಳಗೆ ಹೋದ. ಅವನು ಆರು ತಿಂಗಳಿಂದ ತಂಗಿಯ ಜೊತೆ ಮಾತು ಬಿಟ್ಟಿದ್ದ. ವೇದವತಿ ಹಿತ್ತಲ ಜಗಲಿಯಲ್ಲಿ ಕೂತು ಯಾರದೋ ಅಂಗಡಿಗೆಂದು ಹೂಬತ್ತಿ ಹೊಸೆಯುತ್ತಿದ್ದರು. ಇನ್ನೂ ಒಣಗಿದ್ದರು. ಮೊದಲು ಕೇಳಿದ್ದು ಹೊಲಿಗೆ ಮಾಗಿತಾ ಎಂದು, ಎರಡನೆಯದು ಮುಂದಿನ ತಪಾಸಣೆ ಯಾವಾಗ ಎಂದು.

ಅನಸೂಯಮ್ಮ ಬಂದ ಕೆಲಸವನ್ನು ಒಂದೇ ಉಸಿರಿಗೆ ಹೇಳಿದಳು. ಬೆಂಚಿನ ಮೇಲೆ ಜನ ಏನೇನು ಅನ್ನುತ್ತಾರೆ ಎಂದು ಹೇಳಿದಳು. ಕಾಮಾಕ್ಷಮ್ಮ ಕೇಳಿದ್ದನ್ನೂ ಗುಮಾಸ್ತ ನೋಡಿದ್ದನ್ನೂ ಹೇಳಿದಳು. ಇನ್ನು ತನ್ನಿಂದಾಗುವುದಿಲ್ಲ, ನಾಳೆಯೇ ಹೋಗಿ ನಿಜ ಒಪ್ಪಿಸಿಬಿಡುತ್ತೇನೆ, ಆಪರೇಷನ್ ಆಯಿತಲ್ಲ, ಕಾರ್ಡು ಹೋದರೆ ಹೋಗಲಿ ಎಂದಳು. ಹೇಳುತ್ತ ಹೇಳುತ್ತ ಅವರ ಕಾಲು ಹಿಡಿಯಲು ಬಗ್ಗಿದಳು.

ವೇದವತಿ ಕಾಲು ಹಿಂದಕ್ಕೆ ಎಳೆದುಕೊಂಡರು. ಅವರ ಹಳೆಯ ಕೌಂಟರಿನ ಸಿಟ್ಟು ಒಂದು ಕ್ಷಣ ಮುಖದ ಮೇಲೆ ಬಂದುಹೋಯಿತು.

"ಐದು ವರ್ಷ ತಪಾಸಣೆ ಇದೆ ನಿಮಗೆ, ಕಾರ್ಡಿಲ್ಲದೆ ಅದು ಆಗಲ್ಲ. ಅದು ತಪ್ಪಿದ್ರೆ ನಾನು ಮನೆ ಸೇರಿದ್ದೂ ದಂಡ," ಅಂದರು. ಹೊಸೆದ ಬತ್ತಿಯನ್ನು ಪಕ್ಕಕ್ಕಿಟ್ಟು, ಬಾಗಿಲಾಚೆ ಯಾರೂ ಇಲ್ಲವೆಂದು ನೋಡಿ, ಸ್ವರ ಇಳಿಸಿ ಕೇಳಿದರು. "ನನಗೋಸ್ಕರ ಇಷ್ಟು ಮಾಡಿ. ಆ ಬೆಂಚಿನ ಮೇಲೆ ಅವರೆಲ್ಲ ನನ್ನ ಬೈಯುವಾಗ ಇನ್ನು ಮೇಲೆ ಸುಮ್ಮನೆ ಕೂರಬೇಡಿ. ನೀವೂ ಬೈಯಿರಿ, ಅನಸೂಯಮ್ಮ. ಎಲ್ಲರಿಗಿಂತ ಜೋರಾಗಿ ನೀವೇ ಬೈಯಿರಿ."